ಮಂಜಪ್ಪನೂ ಮಾರ್ಕ್ ಆಂಟನಿಯೂ

ಕೋಣಂದೂರು ಪೇಟೆಯಲ್ಲಿ ನಿಂತು ಬರೀ ಮಂಜಪ್ಪ ಎಂದು ವಿಚಾರಿಸಿದರೆ ಉತ್ತರ ಸಿಗುವುದಿಲ್ಲ, ಪ್ರಶ್ನೆಯೇ ವಾಪಸು ಬರುತ್ತದೆ: "ಯಾವ ಮಂಜಪ್ಪ ಮಾರಾಯ್ರೇ?" ಊರು ಹೇಳಬೇಕು, ಇಲ್ಲವೇ ಮನೆ ಹೇಳಬೇಕು. ಅದೂ ಸಾಲದಿದ್ದರೆ ದೊಡ್ಡ ಮಂಜಪ್ಪನೋ ಸಣ್ಣ ಮಂಜಪ್ಪನೋ, ಮಿಲ್ಲಿನ ಮಂಜಪ್ಪನೋ ಮೇಷ್ಟ್ರು ಮಂಜಪ್ಪನೋ ಎಂದು ಬಿಡಿಸಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯಲ್ಲಿ ಈ ಹೆಸರು ಅಷ್ಟು ದಟ್ಟವಾಗಿದೆ. ಮಂಜಪ್ಪ, ಮಂಜಯ್ಯ, ಮಂಜೇಗೌಡ, ಮಂಜಮ್ಮ, ಮಂಜುನಾಥ, ಮುದ್ದಿಗೆ ಮಂಜು, ಸಿಟ್ಟು ಬಂದರೆ ಮಂಜ.

ಹೀಗಾಗಿಯೇ ಈ ಕಡೆಯ ಹಿರಿಯರನ್ನೆಲ್ಲ ನಾವು ಊರಿನ ಸಮೇತ ಎತ್ತಿಕೊಳ್ಳುತ್ತೇವೆ. ಕಡಿದಾಳು ಮಂಜಪ್ಪ, ಶಾಂತವೇರಿ ಗೋಪಾಲಗೌಡ, ಕೋಣಂದೂರು ಲಿಂಗಪ್ಪ. ಇದರಲ್ಲಿ ಮೊದಲನೆಯದು ಅಲಂಕಾರವಲ್ಲ, ಅಗತ್ಯ. ಕಡಿದಾಳು ಎಂಬುದನ್ನು ತೆಗೆದರೆ ಮಂಜಪ್ಪನವರು ನೂರಾರು ಮಂಜಪ್ಪಂದಿರಲ್ಲಿ ಕರಗಿಹೋಗುತ್ತಾರೆ. ಅದೇ ಕಡಿದಾಳು ಮುಂದೊಂದು ದಿನ ಶಾಮಣ್ಣನವರ ಹಿಂದೆಯೂ ನಿಂತಿತು, ರೈತ ಚಳವಳಿಯಲ್ಲಿ ಆ ಹೆಸರೇ ಗುರುತಾಯಿತು. ಮನೆಯ ಹೆಸರು ನಿಲ್ಲುತ್ತದೆ, ಮನುಷ್ಯರು ಬದಲಾಗುತ್ತಾರೆ.

ಈ ವ್ಯವಸ್ಥೆ ಮಲೆನಾಡಿನ ಸ್ವಂತ ಸೊತ್ತು ಎಂದು ಹೆಮ್ಮೆಪಡುವ ಮೊದಲು ರೋಮಿನ ಕಡೆ ಒಮ್ಮೆ ನೋಡಬೇಕು. ಎರಡು ಸಾವಿರ ವರ್ಷದ ಹಿಂದೆ ಅಲ್ಲಿಯೂ ಇದೇ ಫಜೀತಿ ಇತ್ತು. ಗಂಡುಮಕ್ಕಳಿಗೆ ಇಡಲು ಬಳಕೆಯಲ್ಲಿದ್ದ ಹೆಸರುಗಳು ಹೆಚ್ಚೆಂದರೆ ಇಪ್ಪತ್ತರ ಒಳಗೆ. ಮಾರ್ಕಸ್, ಲೂಸಿಯಸ್, ಗೈಯಸ್, ಟೈಟಸ್ ಎಂದು ತಿರುಗಿಸಿ ಮುರುಗಿಸಿ ಅವೇ. ಎಷ್ಟು ಸವಕಲಾಗಿದ್ದವೆಂದರೆ ಪೂರ್ತಿ ಬರೆಯುವ ಗೋಜಿಗೇ ಹೋಗುತ್ತಿರಲಿಲ್ಲ, ಒಂದೆರಡು ಅಕ್ಷರದ ಇನಿಷಿಯಲ್ ಸಾಕಿತ್ತು. ಅದರ ಪಕ್ಕದಲ್ಲಿ ಕುಲದ ಹೆಸರು, ಅದೂ ಸಾಲದಾದಾಗ ಅಡ್ಡಹೆಸರು. ಮಾರ್ಕಸ್ ಟುಲ್ಲಿಯಸ್ ಸಿಸೆರೊ ಎಂಬ ಮಹಾ ವಾಗ್ಮಿಯ ಹೆಸರಿನ ಕೊನೆಯಲ್ಲಿರುವುದು ಕಡಲೆಕಾಳು. ಯಾವನೋ ಪೂರ್ವಜನ ಮೂಗಿನ ತುದಿ ಕಡಲೆಯಂತೆ ಸೀಳಿತ್ತಂತೆ. ರಾಜಕೀಯಕ್ಕಿಳಿಯುವಾಗ ಗೆಳೆಯರು ಹೆಸರು ಬದಲಿಸಿಕೋ ಎಂದರೆ ಆತ ಒಪ್ಪಲಿಲ್ಲವೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಮಲೆನಾಡಿನವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಅಜ್ಜನ ಕಾಲಿನ ಐಬನ್ನು ಮೊಮ್ಮಗನ ಹೆಸರಿಗೆ ಅಂಟಿಸಿ ಕರೆಯುವ ಮನೆಗಳು ನಮ್ಮಲ್ಲೂ ಇವೆ.

ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ರೋಮಿನಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲವೆನ್ನಬಹುದು. ಅಪ್ಪನ ಕುಲ ಟುಲ್ಲಿಯಸ್ ಆದರೆ ಮಗಳು ಟುಲ್ಲಿಯಾ, ಜೂಲಿಯಸ್ ಆದರೆ ಜೂಲಿಯಾ. ಇಬ್ಬರು ಹುಟ್ಟಿದರೆ ದೊಡ್ಡವಳು, ಚಿಕ್ಕವಳು. ಮಾರ್ಕ್ ಆಂಟನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಆಂಟೋನಿಯಾ. ಇತಿಹಾಸದ ಪುಸ್ತಕಗಳು ಇವತ್ತಿಗೂ ಅವರನ್ನು ಹಿರಿಯ ಆಂಟೋನಿಯಾ, ಕಿರಿಯ ಆಂಟೋನಿಯಾ ಎಂದೇ ಬೇರೆ ಮಾಡುತ್ತವೆ. ದೊಡ್ಡ ಮಂಜಮ್ಮ, ಸಣ್ಣ ಮಂಜಮ್ಮ ಇದ್ದ ಮನೆಯಲ್ಲಿ ಬೆಳೆದವರಿಗೆ ಆ ರೋಮನ್ ಮನೆಯ ಅಂಗಳ ಅಪರಿಚಿತವೆನ್ನಿಸುವುದಿಲ್ಲ.

ಈ ಆಂಟನಿಯ ಹೆಸರಿಗೆ ಆದದ್ದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಕ್ರಿ.ಪೂ. 44ರಲ್ಲಿ ಆತ ಕಾನ್ಸಲ್, ಅಂದರೆ ರೋಮಿನ ಅತ್ಯುನ್ನತ ಅಧಿಕಾರಿಗಳಲ್ಲೊಬ್ಬ. ವರ್ಷದ ಒಂದು ತಿಂಗಳಿಗೆ ಜೂಲಿಯಸ್ ಸೀಸರನ ಹೆಸರಿಡುವ ಕಾನೂನು ತಂದವನು ಅವನೇ. ನಮ್ಮ ಜುಲೈ ಅಲ್ಲಿಂದ ಬಂದದ್ದು. ಇನ್ನೊಬ್ಬನ ಹೆಸರನ್ನು ಕ್ಯಾಲೆಂಡರಿಗೆ ಏರಿಸಿದವನ ಹೆಸರಿಗೇ ಹದಿನಾಲ್ಕು ವರ್ಷದಲ್ಲಿ ಗ್ರಹಚಾರ ಬಂತು. ಕ್ರಿ.ಪೂ. 30ರಲ್ಲಿ ಆಕ್ಟೇವಿಯನ್‌ನ ಎದುರು ಸೋತು ಈಜಿಪ್ಟಿನಲ್ಲಿ ಆಂಟನಿ ಸತ್ತ ಮೇಲೆ ಸೆನೆಟ್ ಅವನ ಪ್ರತಿಮೆಗಳನ್ನು ಕೆಡವಿಸಿತು. ಆಂಟೋನಿಯಸ್ ಕುಲದಲ್ಲಿ ಇನ್ನು ಮುಂದೆ ಯಾರಿಗೂ ಮಾರ್ಕಸ್ ಎಂದು ಹೆಸರಿಡಕೂಡದು ಎಂದು ಠರಾವು ಮಾಡಿತು. ಅವನು ಹುಟ್ಟಿದ ಜನವರಿ 14ನ್ನು ಕೆಟ್ಟ ದಿನವೆಂದು ಪಂಚಾಂಗದಲ್ಲಿ ಗುರುತು ಹಾಕಲಾಯಿತು. (ನಾವೀಗ ಸಾಮಾನ್ಯವಾಗಿ ಅದೇ ದಿನ ಎಳ್ಳುಬೆಲ್ಲ ಹಂಚುತ್ತೇವೆ. ಒಬ್ಬರ ಕೆಟ್ಟ ದಿನ ಮತ್ತೊಬ್ಬರ ಪುಣ್ಯಕಾಲ.) ಆಗ ಕಾನ್ಸಲ್ ಆಗಿದ್ದವನು ಸಿಸೆರೊನ ಮಗ. ಅಪ್ಪನನ್ನು ಕೊಲ್ಲಿಸಿದವನ ಹೆಸರನ್ನು ಅಳಿಸುವ ಕೆಲಸ ಮಗನ ಕೈಗೆ ಬಂದಿತ್ತು.

ಹೆಸರನ್ನು ಅಳಿಸಲು ಒಂದು ಸಾಮ್ರಾಜ್ಯ ಇದಕ್ಕಿಂತ ಹೆಚ್ಚೇನು ಮಾಡಲು ಸಾಧ್ಯ? ಆದರೂ ಅಳಿಯಲಿಲ್ಲ. ಹೆಣ್ಣುಮಕ್ಕಳ ಸಂತಾನದಲ್ಲಿ ಕಲಿಗುಲ, ಕ್ಲಾಡಿಯಸ್, ನೀರೊ ಎಂಬ ಮೂವರು ಚಕ್ರವರ್ತಿಗಳಾದರು. ಕ್ಲಾಡಿಯಸ್ ಸ್ವಂತ ಮೊಮ್ಮಗ, ಕಿರಿಯ ಆಂಟೋನಿಯಾಳ ಮಗ. ಅವನ ಕಾಲದ ಬೆಳ್ಳಿ ನಾಣ್ಯಗಳು 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ನೆಲ ಅಗೆಯುವಾಗ ಸಿಕ್ಕವು. ಆದರೆ ರಕ್ತಸಂಬಂಧದಿಂದ ಹೆಸರು ಬಹಳ ದೂರ ಹೋಗುವುದಿಲ್ಲ. ಆಂಟನಿಯ ಹೆಸರನ್ನು ದಾಟಿಸಿದ್ದು ಅವನ ಮನೆಗೆ ಯಾವ ಸಂಬಂಧವೂ ಇಲ್ಲದವರು.

ಮೊದಲಿನವನು ಈಜಿಪ್ಟಿನ ಮರುಭೂಮಿಯ ಒಬ್ಬ ಸನ್ಯಾಸಿ. ಮೂರನೆಯ ಶತಮಾನದಲ್ಲಿ ಹುಟ್ಟಿ, ಹೊಲಮನೆ ಹಂಚಿಬಿಟ್ಟು, ಒಬ್ಬಂಟಿಯಾಗಿ ತಪಸ್ಸಿಗೆ ಕೂತು, ನೂರು ದಾಟಿ ಬದುಕಿದನೆಂದು ಪ್ರತೀತಿ. ಕ್ರೈಸ್ತ ಸನ್ಯಾಸದ ಮೂಲಪುರುಷರಲ್ಲಿ ಒಬ್ಬ ಅಂತೋಣಿ. ಅವನಾಗಿ ಒಂಬೈನೂರು ವರ್ಷಕ್ಕೆ, 1195ರಲ್ಲಿ, ಲಿಸ್ಬನ್ನಿನಲ್ಲಿ ಫೆರ್ನಾಂಡೊ ಎಂಬ ಹುಡುಗ ಹುಟ್ಟಿದ. 1220ರಲ್ಲಿ ಆತ ಫ್ರಾನ್ಸಿಸ್ಕನ್ ಸನ್ಯಾಸಿಯಾದಾಗ ಆಶ್ರಯ ಕೊಟ್ಟ ಪುಟ್ಟ ಮಠ ಆ ಮರುಭೂಮಿಯ ಅಂತೋಣಿಯ ಹೆಸರಿನಲ್ಲಿತ್ತು, ತಾನೂ ಆ ಹೆಸರನ್ನೇ ಇಟ್ಟುಕೊಂಡ. 1231ರ ಜೂನ್ 13ರಂದು ಇಟಲಿಯ ಪದುವಾ ಬಳಿ ತೀರಿಕೊಂಡ. ಒಂದು ವರ್ಷ ತುಂಬುವ ಮೊದಲೇ ಪೋಪ್ ಅವನನ್ನು ಸಂತನೆಂದು ಸಾರಿದರು. ಕಳೆದುಹೋದ ವಸ್ತು ಹುಡುಕಿಕೊಡುವವನು, ಮದುವೆ ಕೂಡಿಸುವವನು, ಮಕ್ಕಳ ಭಾಗ್ಯ ಕೊಡುವವನು ಎಂದು ಅವನಿಗೆ ಜನ ಕಟ್ಟಿದ ಕೆಲಸಗಳು ಒಂದೆರಡಲ್ಲ. ಪೋರ್ಚುಗೀಸರಂತೂ ಸತ್ತು ನಾನೂರು ವರ್ಷವಾದ ಸಂತನನ್ನು ಸೈನ್ಯಕ್ಕೆ ಭರ್ತಿ ಮಾಡಿಕೊಂಡು, ಬಡ್ತಿ ಕೊಟ್ಟು, ಸಂಬಳ ಸಂದಾಯ ಮಾಡುತ್ತಿದ್ದರು.

ಆ ಪೋರ್ಚುಗೀಸರ ಹಡಗಿನಲ್ಲೇ ಹೆಸರು ಗೋವೆಗೆ ಬಂತು. ಗೋವೆಯಿಂದ ದಕ್ಷಿಣಕ್ಕೆ ಸರಿದ ಕೊಂಕಣಿ ಕ್ರೈಸ್ತರ ಜೊತೆ ಕೆಳದಿ ಅರಸರ ಕರಾವಳಿಗೆ ಇಳಿಯಿತು. 1678ರಲ್ಲಿ ಕೆಳದಿ ಚೆನ್ನಮ್ಮ ಪೋರ್ಚುಗೀಸರ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಮಿರ್ಜಾನ್, ಚಂದಾವರ, ಕಲ್ಯಾಣಪುರ ಮುಂತಾದೆಡೆ ಇಗರ್ಜಿ ಕಟ್ಟಿಕೊಳ್ಳಲು ಅನುಮತಿಯಿದೆ. ಒಪ್ಪಂದ ಕರಾವಳಿಯದು, ರಾಜಧಾನಿ ಬಿದನೂರಿನದು. ಇವತ್ತಿನ ಹೊಸನಗರ ತಾಲ್ಲೂಕಿನ ನಗರ ಅದು. ಮೆಣಸು ಅಕ್ಕಿಯ ಲೆಕ್ಕ ಹಾಕುತ್ತಿದ್ದ ಬಿದನೂರಿನ ಕಚೇರಿಯವರು ಒಬ್ಬ ರೋಮನ್ ಸೇನಾಪತಿಯ ಕುಲನಾಮಕ್ಕೆ ದಾರಿ ಬಿಟ್ಟುಕೊಟ್ಟೆವೆಂದು ಕನಸಿನಲ್ಲೂ ಎಣಿಸಿರಲಾರರು. ಸಾಗರ, ತೀರ್ಥಹಳ್ಳಿ ಕಡೆಯ ಕೊಂಕಣಿ ಕ್ರೈಸ್ತ ಮನೆಗಳ ಆಂತೋನ್, ಟೋನಿಗಳ ಹಿಂದೆ ಇಷ್ಟು ಉದ್ದದ ದಾರಿಯಿದೆ.

ಬಯಲುಸೀಮೆಯಲ್ಲಿ ಅದೇ ಹೆಸರು ಇನ್ನೊಂದು ಬಟ್ಟೆ ತೊಟ್ಟಿತು. ಮೈಸೂರು ಜಿಲ್ಲೆ ಕೆ.ಆರ್. ನಗರದ ಹತ್ತಿರದ ಡೋರನಹಳ್ಳಿಗೆ ಹೋದವರು ಕಥೆ ಕೇಳಿರುತ್ತಾರೆ. ಸುಮಾರು ಎರಡು ನೂರು ವರ್ಷದ ಹಿಂದೆ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಮರದ ವಿಗ್ರಹವೊಂದು ಸಿಕ್ಕಿತು. ಅದು ಯಾರದೆಂದು ಗೊತ್ತಿಲ್ಲ. ಮನೆಯಲ್ಲಿ ಸಸಾರ ಮಾಡಿದರು, ಕಷ್ಟ ಬಂತು, ಕನಸು ಬಿತ್ತು, ಗುಡಿ ಕಟ್ಟಿದರು. ನೇಗಿಲು, ಕನಸು, ಗುಡಿ: ನಮ್ಮ ಉದ್ಭವ ಲಿಂಗಗಳ, ಮಾರಮ್ಮಂದಿರ ಕಥೆಯ ಅಚ್ಚಿನಲ್ಲೇ ಇದೂ ಇದೆ. ಆ ವಿಗ್ರಹ ಸಂತ ಅಂತೋಣಿಯದು. ಜೂನ್ 13ರ ಹಬ್ಬಕ್ಕೆ ಜಾತಿ ಧರ್ಮ ನೋಡದೆ ಜನ ಸೇರುತ್ತಾರೆ. 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು.

ಹಳೆ ಮೈಸೂರಿನ ಕನ್ನಡ ಕ್ರೈಸ್ತರಲ್ಲಿ ಅಂತೋಣಪ್ಪ, ಅಂತೋಣಮ್ಮ ಇದ್ದಾರೆ. ಜೊತೆಗೆ ಚೌರಪ್ಪ, ಇನ್ನಾಸಪ್ಪ, ರಾಯಪ್ಪ, ಆರೋಗ್ಯಪ್ಪ. ಅಪ್ಪ ಸೇರಿಕೊಂಡ ಮೇಲೆ ರೋಮು, ಲಿಸ್ಬನ್ನು, ಪದುವಾ ಎಲ್ಲ ಹಿಂದೆ ಉಳಿದವು. ಅಂತೋಣಪ್ಪ ಊರಿನವನಾದ. ಉತ್ತರ ಕರ್ನಾಟಕದಲ್ಲಿ ಹಿಂದೂ ಮನೆಗಳಲ್ಲೇ ಫಕೀರಪ್ಪ, ಹುಸೇನಪ್ಪ ಹುಟ್ಟಿದ್ದು ಇದೇ ದಾರಿಯಲ್ಲಿ. ದರ್ಗಾಕ್ಕೆ ಹರಕೆ ಹೊತ್ತ ತಾಯಿಗೆ ಮಗುವಾಯಿತು, ಹೆಸರು ಇಟ್ಟದ್ದು ಹರಕೆ ತೀರಿಸಿದಂತೆ. ಹೆಸರುಗಳ ಬಗ್ಗೆ ನನಗಿರುವ ನಂಬಿಕೆ ಇಷ್ಟೇ: ಅವನ್ನು ದೂರ ಒಯ್ಯುವುದು ವಂಶವಲ್ಲ, ಸಾಮ್ರಾಜ್ಯವೂ ಅಲ್ಲ, ಹರಕೆ.

ಮಂಜಪ್ಪನ ಹೆಸರೂ ಹಾಗೆ ಬಂದದ್ದೇ. ಮಲೆನಾಡಿನ ಮಂಜಪ್ಪಂದಿರಲ್ಲಿ ಹೆಚ್ಚಿನವರು ಧರ್ಮಸ್ಥಳದ ಹರಕೆಯ ಮಕ್ಕಳು, ಇಲ್ಲವೇ ಹರಕೆಯ ಮಗುವಾಗಿದ್ದ ಅಜ್ಜನ ಹೆಸರು ಹೊತ್ತವರು. ಆದರೆ ಧರ್ಮಸ್ಥಳದ ಮಂಜುನಾಥನೂ ಅಲ್ಲಿಗೆ ಬೇರೆ ಕಡೆಯಿಂದ ಬಂದವನು. ಕುಡುಮ ಎಂಬ ಆ ಊರಿನಲ್ಲಿ ನೆಲ್ಯಾಡಿ ಬೀಡಿನ ಜೈನ ಮನೆತನ, ಅವರ ಮನೆಗೆ ಬಂದ ಧರ್ಮದೈವಗಳು. ಆಮೇಲೆ ಲಿಂಗ ಬೇಕೆಂದಾಗ ಅಣ್ಣಪ್ಪ ದೈವ ಮಂಗಳೂರಿನ ಕದ್ರಿಯಿಂದ ಅದನ್ನು ತಂದಿತೆಂದು ಸ್ಥಳಪುರಾಣ. ಕದ್ರಿಯ ದೇವರ ಹೆಸರೂ ಮಂಜುನಾಥ.

ಕದ್ರಿಗೆ ಹೋದರೆ ಕಥೆ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ. ದೇವಸ್ಥಾನದಲ್ಲಿ ಕುಳಿತ ಭಂಗಿಯ ಕಂಚಿನ ದೊಡ್ಡ ವಿಗ್ರಹವೊಂದಿದೆ. ಮೂರು ಮುಖ, ಆರು ಕೈ. ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಸ್ಥಾಪಿಸಿದನೆಂದು ಅದರ ಪೀಠದ ಬರಹ ಹೇಳುತ್ತದೆ. ವಿಹಾರ ಬೌದ್ಧರದು, ಲೋಕೇಶ್ವರ ಬೋಧಿಸತ್ವ. ಪಕ್ಕದಲ್ಲೇ ನಾಥಪಂಥದ ಜೋಗಿಮಠ, ಮತ್ಸ್ಯೇಂದ್ರನಾಥ ಗೋರಖನಾಥರ ನೆನಪು. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ಕುಂಭಮೇಳದಿಂದ ಜೋಗಿಗಳ ತಂಡ ನಡೆದುಕೊಂಡೇ ಬಂದು ಇಲ್ಲಿ ಮಠದ ಹೊಸ ಅರಸನನ್ನು ಗದ್ದುಗೆಗೆ ಕೂರಿಸುತ್ತದೆ. ಮಂಜುನಾಥ ಎಂಬುದರ ಹಿಂದೆ ಬೌದ್ಧರ ಮಂಜುಶ್ರೀ ಅಥವಾ ಮಂಜುಘೋಷ ಇರಬೇಕೆಂದು ವಿದ್ವಾಂಸರಲ್ಲಿ ಒಂದು ವಾದ. ಒಪ್ಪದವರೂ ಇದ್ದಾರೆ. ನೇಪಾಳದಲ್ಲಿ ಮತ್ಸ್ಯೇಂದ್ರನಾಥನನ್ನೂ ಲೋಕೇಶ್ವರನನ್ನೂ ಒಂದೇ ಎಂದು ಇವತ್ತಿಗೂ ರಥದಲ್ಲಿ ಎಳೆಯುವುದನ್ನು ನೋಡಿದರೆ, ಕದ್ರಿಯ ಬೆಟ್ಟದ ಮೇಲೆ ಬೋಧಿಸತ್ವ, ಜೋಗಿ, ಶಿವ ಮೂವರೂ ಒಂದೇ ಹೆಸರಿನ ಚಾವಡಿಯಲ್ಲಿ ಕೂತಿರಬಹುದು ಎಂದು ನನಗಂತೂ ಅನ್ನಿಸುತ್ತದೆ. ಕಾಠ್ಮಂಡುವಿನ ಕಣಿವೆಯಲ್ಲಿ ಕೆರೆಯಂತೆ ನಿಂತ ನೀರನ್ನು ಕತ್ತಿಯಿಂದ ಗುಡ್ಡ ಕಡಿದು ಹರಿಸಿದವನು ಮಂಜುಶ್ರೀ ಎಂದು ಅಲ್ಲಿಯ ಪುರಾಣ. 1635ರಲ್ಲಿ ಮಂಚು ಎಂದು ಹೆಸರಿಟ್ಟುಕೊಂಡು, ಮುಂದೆ ಚೀನಾವನ್ನೇ ಆಳಿದ ಜನಕ್ಕೂ ಆ ಹೆಸರು ಇವನಿಂದಲೇ ಬಂತು ಎನ್ನುವವರಿದ್ದಾರೆ.

ಚೀನಾದ ಮಾತು ಅಲ್ಲಿಗಿರಲಿ. ಈ ಹೆಸರು ಮಲೆನಾಡಿನಲ್ಲಿ ಬರೀ ಮನುಷ್ಯರ ಮೇಲೆ ನಿಂತಿಲ್ಲ. ಆಣೆಯ ಮೇಲೆ ನಿಂತಿದೆ. "ಮಾತು ಬಿಡ ಮಂಜುನಾಥ, ಕಾಸು ಬಿಡ ತಿಮ್ಮಪ್ಪ" ಎಂಬ ಗಾದೆ ಗೊತ್ತಿಲ್ಲದ ಮನೆ ಇಲ್ಲಿ ಇರಲಾರದು. ತಿರುಪತಿಗೆ ಹೊತ್ತ ದುಡ್ಡು ಬಡ್ಡಿಯಾದರೂ ತೀರೀತು, ಧರ್ಮಸ್ಥಳದ ಹೆಸರಲ್ಲಿ ಆಡಿದ ಮಾತಿಗೆ ವಾಯಿದೆ ಇಲ್ಲ. ಅಡಿಕೆ ತೋಟದ ಬೇಲಿ ಒಂದು ಗೇಣು ಆಚೆ ಸರಿಯಿತೆಂದು ಅಣ್ಣತಮ್ಮಂದಿರಿಗೆ ಜಗಳ ಹತ್ತುತ್ತದೆ. ಸಿಟ್ಟಿನಲ್ಲಿ ಒಬ್ಬ "ಧರ್ಮಸ್ಥಳದ ಆಣೆ, ಇನ್ನು ನಿನ್ನ ಮನೆ ಮೆಟ್ಟಿಲು ತುಳಿಯಲ್ಲ" ಎಂದುಬಿಡುತ್ತಾನೆ. ಅಲ್ಲಿಗೆ ಮುಗಿಯಿತು. ಆ ಮನೆಯ ನೀರು ಇವರು ಕುಡಿಯುವಂತಿಲ್ಲ, ಈ ಮನೆಯ ಸಾವಿಗೂ ಅವರು ಹಿಂದುಮುಂದು ನೋಡಬೇಕು. ಪೊಲೀಸ್ ಕಂಪ್ಲೇಂಟಾಗಿದ್ದರೆ ರಾಜಿ ಮಾಡಿ ವಾಪಸು ತೆಗೆಯಬಹುದಿತ್ತು. ಆಣೆ ಹಾಗಲ್ಲ. ವರ್ಷಗಳು ಕಳೆದು, ಯಾರದೋ ಮಗಳ ಮದುವೆ ಗೊತ್ತಾಗಿ, ಅಜ್ಜಿ ಕಣ್ಣೀರು ಹಾಕಿದ ಮೇಲೆ ಎರಡೂ ಕಡೆಯವರು ಧರ್ಮಸ್ಥಳಕ್ಕೆ ಹೋಗಿ, ತಪ್ಪುಕಾಣಿಕೆ ಹಾಕಿ, ಆಣೆ ಬಿಡಿಸಿಕೊಂಡು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಒಂದು ಹೆಸರಿನಿಂದ ಇಷ್ಟು ಕೆಲಸ ತೆಗೆಸಿದ್ದು ರೋಮನರಿಗೂ ಅಪರೂಪ. ಸೀಸರನ ಹೆಸರು ಜರ್ಮನಿಯಲ್ಲಿ ಕೈಸರ್, ರಷ್ಯಾದಲ್ಲಿ ತ್ಸಾರ್ ಆಗಿ, ನಮ್ಮ ಬ್ರಿಟಿಷರ ಕಾಲದಲ್ಲಿ ಕೈಸರ್-ಎ-ಹಿಂದ್ ಪದಕವಾಯಿತು. ಗಾಂಧೀಜಿಗೆ 1915ರಲ್ಲಿ ಅದನ್ನು ಕೊಟ್ಟರು, 1920ರಲ್ಲಿ ಅವರು ಹಿಂದಿರುಗಿಸಿದರು. ಮಂಜುನಾಥನ ಆಣೆಯನ್ನು ಹಾಗೆ ಅಂಚೆಯಲ್ಲಿ ಹಿಂದಿರುಗಿಸಲಾಗದು.

ಉಳಿದ ಉಪಯೋಗಗಳೂ ಕಡಿಮೆಯಿಲ್ಲ. ಅಂಗಡಿಯ ಬೋರ್ಡಿನ ನೆತ್ತಿಯಲ್ಲಿ, ಬಸ್ಸಿನ ಹಣೆಯಲ್ಲಿ ಶ್ರೀ ಮಂಜುನಾಥ ಪ್ರಸನ್ನ. ಕಾಲೇಜು, ಆಸ್ಪತ್ರೆಗಳ ಮುಂದಿರುವ ಎಸ್‌ಡಿಎಂ ಅಕ್ಷರಗಳಲ್ಲಿ ಕೊನೆಯದು ಅವನದೇ. ಧರ್ಮಸ್ಥಳದ ಯಕ್ಷಗಾನ ಮೇಳ, ಮಂಜೂಷಾ ವಸ್ತುಸಂಗ್ರಹಾಲಯ, ಮಂಜುವಾಣಿ ಪತ್ರಿಕೆ ಎಂದು ಪಟ್ಟಿ ಬೆಳೆಯುತ್ತದೆ. ಸಿನಿಮಾದವರೂ ಬಿಡಲಿಲ್ಲ. 2001ರಲ್ಲಿ ಭಕ್ತಿಚಿತ್ರ 'ಶ್ರೀ ಮಂಜುನಾಥ', 2009ರಲ್ಲಿ ಗುರುಪ್ರಸಾದರ 'ಎದ್ದೇಳು ಮಂಜುನಾಥ'. ಎರಡನೆಯದರಲ್ಲಿ ಜಗ್ಗೇಶ್ ಮಾಡಿದ್ದು ಸೋಮಾರಿಯ ಪಾತ್ರ. ದೇವರನ್ನು ಎಬ್ಬಿಸುವ ಮಾತನ್ನು ಮಲಗಿಬಿಟ್ಟ ಮನುಷ್ಯನಿಗೆ ಹಾಕಿದರು, ಜನ ನಕ್ಕರು, ಯಾರಿಗೂ ಅಪಚಾರ ಅನ್ನಿಸಲಿಲ್ಲ. ಹೆಸರು ಅಷ್ಟು ಮನೆಮಾತಾಗಿದ್ದರೆ ಮಾತ್ರ ಅಂಥ ಸಲುಗೆ ಸಾಧ್ಯ.

ಹೊತ್ತವರಲ್ಲಿ ಜಾತಿಯೂ ಒಂದಲ್ಲ, ದಾರಿಯೂ ಒಂದಲ್ಲ. ಹರ್ಡೇಕರ್ ಮಂಜಪ್ಪ 1886ರಲ್ಲಿ ಹುಟ್ಟಿದ್ದು ಸೊರಬಕ್ಕೆ ತಾಗಿಕೊಂಡಿರುವ ಬನವಾಸಿಯಲ್ಲಿ. ಶಾಲೆಯ ಮಾಸ್ತರಿಕೆ ಬಿಟ್ಟು 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆ ಹೊರಡಿಸಿದರು, 1913ರಲ್ಲಿ ಅಲ್ಲೇ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಲು ಶುರುಮಾಡಿದರು. ಕರ್ನಾಟಕದ ಗಾಂಧಿ ಎಂದು ಕರೆಸಿಕೊಂಡ ಈ ಲಿಂಗಾಯತ ಮನುಷ್ಯನ ಹೆಸರು ಮಾತ್ರ ಕದ್ರಿ ಕುಡುಮದ ದೇವರದು. ಕಡಿದಾಳು ಮಂಜಪ್ಪನವರು ತೀರ್ಥಹಳ್ಳಿಯ ಒಕ್ಕಲಿಗರು. ಕೆಂಗಲ್ ಹನುಮಂತಯ್ಯನವರ ನಂತರ 1956ರ ಆಗಸ್ಟ್ 19ರಂದು ಮೈಸೂರಿನ ಮುಖ್ಯಮಂತ್ರಿಯಾದರು. ಅಕ್ಟೋಬರ್ 31ಕ್ಕೆ ಹಳೆಯ ಮೈಸೂರು ರಾಜ್ಯವೇ ಮುಗಿಯಿತು, ಅವರ ಅವಧಿಯೂ ಮುಗಿಯಿತು. ಮಾರನೆಯ ದಿನ ವಿಶಾಲ ಮೈಸೂರಿಗೆ ನಿಜಲಿಂಗಪ್ಪ ಬಂದರು. ಎರಡೂವರೆ ತಿಂಗಳಿನ ಆ ಅಧಿಕಾರವನ್ನು ಇಲ್ಲಿಯವರು ಇವತ್ತಿಗೂ ಎರಡೂವರೆ ದಶಕದಂತೆ ನೆನೆಯುತ್ತಾರೆ, ಅದು ಊರಿನ ಅಭಿಮಾನ.

ಕೋಲಾರದ ಗಣಿ ಊರಲ್ಲಿ ಬೆಳೆದ ಮಂಜುನಾಥ್ ಷಣ್ಮುಗಂ ಮ್ಯಾನೇಜ್‌ಮೆಂಟ್ ಓದಿ ತೈಲ ಕಂಪನಿ ಸೇರಿದ ಹುಡುಗ. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನದ ಬಂಕಿಗೆ ಬೀಗ ಹಾಕಿಸಿದ್ದಕ್ಕೆ 2005ರ ನವೆಂಬರಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಜಯದೇವ ಆಸ್ಪತ್ರೆಯನ್ನು ವರ್ಷಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಗೊತ್ತೇ ಇದ್ದಾರೆ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಗೆ ತಂದೆತಾಯಿ ಇಟ್ಟದ್ದು ಮಂಜುನಾಥ ಎಂದು. ಜೋಗತಿಯಾದ ಮೇಲೆ ಅವರು ಮಂಜಮ್ಮನಾದರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಗಂಡಿಗೂ ಹೆಣ್ಣಿಗೂ ಬಾಲ ಬದಲಿಸಿ ಒದಗುವ ಹೆಸರು ಅದು.

ಹೆಸರು ಒದಗದೆ ಕಾಡುವ ಜಾಗವೆಂದರೆ ಕಂದಾಯ ಇಲಾಖೆ. ಹಳೆಯ ಪಹಣಿ ತೆಗೆದು ನೋಡಿದರೆ ಮಂಜಪ್ಪ ಬಿನ್ ತಿಮ್ಮಪ್ಪ, ಮಂಜಮ್ಮ ಕೋಂ ಮಂಜಪ್ಪ. ಬಿನ್ ಅಂದರೆ ಮಗ, ಅರಬ್ಬಿಯಿಂದ ಬಂದದ್ದು, ಮಲೆನಾಡಿನ ಗದ್ದೆಯ ಕೆಸರಿನಲ್ಲಿ ಹೂತುಕೊಂಡು ಕೂತಿದೆ. ಕೋಂ ಅಂದರೆ ಹೆಂಡತಿ. ಒಂದೇ ಸರ್ವೆ ನಂಬರಿನಲ್ಲಿ ಇಬ್ಬರು ಮಂಜಪ್ಪ, ಇಬ್ಬರಿಗೂ ಅಪ್ಪ ತಿಮ್ಮಪ್ಪ. ಒಬ್ಬ ತೀರಿಕೊಂಡ, ಪೌತಿ ಖಾತೆಗೆ ಅರ್ಜಿ ಬಿತ್ತು. ಬದುಕಿರುವ ಮಂಜಪ್ಪ ತಾನು ಸತ್ತಿಲ್ಲವೆಂದು ನಾಡಕಚೇರಿಯಲ್ಲಿ ನಿಂತು ಸಾಬೀತು ಮಾಡಬೇಕು. ಆಗ ಊರಿನವರಿಗೆ ಗೊತ್ತಿರುವ ಮನೆಹೆಸರು ಕಾಗದದಲ್ಲಿ ಇರುವುದಿಲ್ಲ, ಕಾಗದದಲ್ಲಿರುವ ಇನಿಷಿಯಲ್ ಊರಿನಲ್ಲಿ ಯಾರಿಗೂ ಗೊತ್ತಿರುವುದಿ‌ಲ್ಲ.

ಈಗ ತೊಟ್ಟಿಲಲ್ಲಿ ಮಂಜಪ್ಪನನ್ನು ಕಾಣುವುದು ಕಷ್ಟ. ಆರ್ಯ, ಅಥರ್ವ, ಆದ್ಯ, ಅನ್ವಿತಾ ಬಂದಿದ್ದಾರೆ. ಹರಕೆ ನಿಂತಿಲ್ಲ, ಧರ್ಮಸ್ಥಳಕ್ಕೆ ಹೋಗುವ ಕಾರುಗಳು ಹೆಚ್ಚೇ ಆಗಿವೆ. ಹೆಸರನ್ನು ಮಾತ್ರ ಜ್ಯೋತಿಷಿಯ ಅಕ್ಷರ ಕೇಳಿ ಮೊಬೈಲಿನಲ್ಲಿ ಹುಡುಕಿ ಇಡುತ್ತಾರೆ. ಮಂಜಪ್ಪ ಅಜ್ಜನ ಹೆಸರಾಗಿ, ಅಪ್ಪನ ಇನಿಷಿಯಲ್ಲಾಗಿ ಹಿಂದೆ ಸರಿದಿದ್ದಾನೆ.

ಆದರೆ ಇನಿಷಿಯಲ್ಲಿಗೆ ವಿದೇಶದಲ್ಲಿ ಬೆಲೆಯಿಲ್ಲ. ಪಾಸ್‌ಪೋರ್ಟಿನ ಸರ್‌ನೇಮ್ ಕಲಂ ತುಂಬಬೇಕು. ಊರಿನ ಹೆಸರೋ ಮನೆಯ ಹೆಸರೋ ದಾಖಲೆಯಲ್ಲಿಲ್ಲದ ಮಲೆನಾಡಿನ ಹುಡುಗರು ಅಲ್ಲಿ ಅಪ್ಪನ ಹೆಸರನ್ನು ಬರೆದು ವಿಮಾನ ಹತ್ತಿದರು. ಮದುವೆಯಾಯಿತು, ಹೆಂಡತಿಯೂ ಅದನ್ನೇ ಹಾಕಿಕೊಂಡಳು, ಮಕ್ಕಳಿಗೂ ಅದೇ ಅಂಟಿತು. ಧರ್ಮಸ್ಥಳಕ್ಕೆ ಯಾವುದೋ ಅಜ್ಜಿ ಹೊತ್ತ ಹರಕೆ ಹೀಗೆ ಅಮೆರಿಕದ ಶಾಲೆಗಳ ಹಾಜರಿಪಟ್ಟಿಯಲ್ಲಿ ಆಂಟೋನಿಯಸ್, ಟುಲ್ಲಿಯಸ್‌ಗಳಂತೆ ಕುಲದ ಹೆಸರಾಗಿ ಕೂತಿದೆ. ರೋಮಿನ ಟುಲ್ಲಿಯಸ್ ಮಗಳಿಗೆ ಟುಲ್ಲಿಯಾ ಎಂದಾದರೂ ರೂಪ ಬದಲಿಸಿಕೊಟ್ಟಿದ್ದ. ಇಲ್ಲಿ ಆ ಉಪಚಾರವೂ ಇಲ್ಲ, ಆರು ವರ್ಷದ ಹುಡುಗಿಯನ್ನು ಟೀಚರು ಕರೆಯುವುದೇ ಮಿಸ್ ಮಂಜಪ್ಪ ಎಂದು. ಅವಳಿಗೊಬ್ಬ ತಮ್ಮ ಹುಟ್ಟಿದರೆ ಅವನೂ ಮಂಜಪ್ಪ, ಅವನ ಮಕ್ಕಳೂ ಮಂಜಪ್ಪಂದಿರೇ.